ಇಳಿಜಾರಿನಲ್ಲಿ ಜಾರುವ ನ್ಯೂಟನೇತರ ಹನಿ: ವೇಗ ಅಳೆಯುವ ಬಗೆ

ನೀರಿನ ಹನಿಯನ್ನು ಓರೆ ತಟ್ಟೆಯ ಮೇಲೆ ಬಿಟ್ಟು ವೇಗ ಅಳೆಯುವಾಗ ಲೆಕ್ಕಕ್ಕೆ ಬರುವುದು ಮೂರೇ ಸಂಗತಿ. ಗುರುತ್ವ ಎಳೆಯುತ್ತದೆ, ಹನಿಯ ಅಂಚು ಮೇಲ್ಮೈಯನ್ನು ಕಚ್ಚಿ ಹಿಡಿಯುತ್ತದೆ, ಮಿಕ್ಕದ್ದನ್ನು ದ್ರವದ ಸ್ನಿಗ್ಧತೆ, ಅಂದರೆ ಹರಿಯಲು ಒಲ್ಲದ ಅದರ ಗುಣ, ತಡೆಯುತ್ತದೆ. ಅದೇ ನೀರಿಗೆ ಶೇ. 0.25ರಷ್ಟು ಝಾಂಥನ್ ಗಮ್ ಎಂಬ ಗಟ್ಟಿಯಾಗಿಸುವ ಪುಡಿ ಬೆರೆಸಿದರೆ ಮೂರನೆಯ ಸಂಗತಿ ಕೈಗೆ ಸಿಗುವುದಿಲ್ಲ. ಸ್ನಿಗ್ಧತೆ ಎಷ್ಟು ಎಂದು ಕೇಳಿದರೆ ‘ಹನಿಯ ಯಾವ ಭಾಗದಲ್ಲಿ?’ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಎಲೆಯ ಮೇಲೆ ಬಿದ್ದ ಕೀಟನಾಶಕ, ಗೋಡೆಯ ಬಣ್ಣ, ಮುದ್ರಣದ ಇಂಕು, ರಕ್ತ, ಎಲ್ಲವೂ ಈ ಜಾತಿಯವೇ. ಹರಿವಿನ ರಭಸಕ್ಕೆ ತಕ್ಕಂತೆ ಸ್ನಿಗ್ಧತೆ ಬದಲಾಗುವ ಇಂಥವಕ್ಕೆ ನ್ಯೂಟನೇತರ ದ್ರವ ಎಂದು ಹೆಸರು. ಇಂಥ ಹನಿಗಳ ಜಾರುವಿಕೆಯನ್ನು ನಂಬಿಕೆಗೆ ಅರ್ಹವಾಗಿ ಅಳೆಯುವ ಕ್ರಮ ಇಲ್ಲಿದೆ.

ತಟ್ಟೆ ಓರೆ ಮಾಡುವ ಮೊದಲು

2 ಮಿಲಿಮೀಟರ್ ಎತ್ತರದ ಹನಿ ಸೆಕೆಂಡಿಗೆ 1 ಸೆಂಟಿಮೀಟರ್ ವೇಗದಲ್ಲಿ ಜಾರುತ್ತಿದೆ ಎನ್ನಿ. ಷಿಯರ್ ಎಂದರೆ ದ್ರವದ ಒಂದು ಪದರ ಇನ್ನೊಂದರ ಮೇಲೆ ಸರಿಯುವುದು. ಷಿಯರ್ ದರ ಎಂದರೆ ಸ್ಥೂಲವಾಗಿ ವೇಗವನ್ನು ಆ ಜಾಗದ ದ್ರವದ ದಪ್ಪದಿಂದ ಭಾಗಿಸಿದಾಗ ಬರುವ ಸಂಖ್ಯೆ. ಹನಿಯ ನಡುವೆ ಅದು ಸೆಕೆಂಡಿಗೆ 5. ಅಂಚಿನ ಬಳಿ ದಪ್ಪ 10 ಮೈಕ್ರಾನ್ ಇರುವಲ್ಲಿ 1,000. ಇನ್ನೂ ತುದಿಗೆ ಹೋಗಿ, ದಪ್ಪ 1 ಮೈಕ್ರಾನ್ ಆದಲ್ಲಿ 10,000. ನೀರಿಗೂ ಗ್ಲಿಸರಾಲ್‌ಗೂ ಇದರಿಂದ ವ್ಯತ್ಯಾಸವಿಲ್ಲ, ಅವುಗಳ ಸ್ನಿಗ್ಧತೆ ಎಲ್ಲ ಕಡೆಯೂ ಒಂದೇ. ಝಾಂಥನ್ ದ್ರಾವಣ ಹಾಗಲ್ಲ. ಒಂದೇ ಹನಿಯೊಳಗೆ ನಡುಭಾಗಕ್ಕೂ ಅಂಚಿಗೂ ಸ್ನಿಗ್ಧತೆ ಹತ್ತಾರು ಪಟ್ಟು ಬೇರೆಯಾಗಿರುತ್ತದೆ.

ಇದರ ಪರಿಣಾಮವನ್ನು ಸರಳ ಬೆಣೆಯ ಲೆಕ್ಕದಲ್ಲಿ ನೋಡಬಹುದು. ಅಂಚಿನ ಬಳಿ ಹನಿಯನ್ನು ಚೂಪು ಬೆಣೆ ಎಂದುಕೊಂಡು, ಅಂಚಿನ ಅಣುಗಾತ್ರದ ತುದಿಯಿಂದ ಎರಡೂವರೆ ಮಿಲಿಮೀಟರ್ ಒಳಗಿನವರೆಗೆ ಸ್ನಿಗ್ಧ ತಡೆಯನ್ನು ಕೂಡಿಸುತ್ತಾ ಹೋಗಿ. ನೀರಿನಂಥ ದ್ರವದಲ್ಲಿ ಒಟ್ಟು ತಡೆಯ ಹೆಚ್ಚುಕಡಿಮೆ ಅರ್ಧ ಹುಟ್ಟುವುದು ಕಟ್ಟಕಡೆಯ ಒಂದು ಮೈಕ್ರಾನಿನಲ್ಲಿ. ಘಾತ ನಿಯಮದ ಸೂಚ್ಯಂಕ (ನೀರಿಗೆ 1, ಕಡಿಮೆಯಾದಷ್ಟೂ ತೆಳುವಾಗುವಿಕೆ ಹೆಚ್ಚು) 0.5 ಇರುವ, ಅಂದರೆ ಷಿಯರ್ ಹೆಚ್ಚಿದಂತೆ ತೆಳುವಾಗುವ ದ್ರವದಲ್ಲಿ ಆ ಒಂದು ಮೈಕ್ರಾನಿನ ಪಾಲು ಬರೀ ಶೇ. 2. ತಡೆಯೆಲ್ಲ ಅಂಚನ್ನು ಬಿಟ್ಟು ಹನಿಯ ಒಡಲಿಗೆ ಬಂದು ಕೂತಿರುತ್ತದೆ. ಈ ಸ್ಥಳಾಂತರವನ್ನು ಮರೆತು ‘ದ್ರವದ ಸ್ನಿಗ್ಧತೆ ಇಷ್ಟು’ ಎಂದು ಒಂದೇ ಸಂಖ್ಯೆ ಹಾಕಿಕೊಂಡರೆ ಮುಂದಿನ ಯಾವ ನಕ್ಷೆಗೂ ಅರ್ಥವಿರುವುದಿಲ್ಲ.

ದ್ರವಗಳನ್ನು ಆರಿಸುವುದು, ಕಲಸುವುದು

ಒಂದು ದ್ರವದಿಂದ ಏನನ್ನೂ ಹೇಳಲಾಗದು. ಕನಿಷ್ಠ ಮೂರು ಬೇಕು: ಹೋಲಿಕೆಗೆ ನ್ಯೂಟನ್ ನಿಯಮ ಪಾಲಿಸುವ, ಅಂದರೆ ಸ್ನಿಗ್ಧತೆ ಬದಲಾಗದ ಒಂದು, ಷಿಯರ್‌ಗೆ ತೆಳುವಾಗುವ ಒಂದು, ಸ್ಥಿತಿಸ್ಥಾಪಕ ಗುಣವುಳ್ಳ ಒಂದು.

ಹೋಲಿಕೆಗೆ ಬರೀ ನೀರು ಸಾಲದು. ಸೆಕೆಂಡಿಗೆ 10 ಸೆಂಟಿಮೀಟರ್ ಓಡುವ ನೀರಿನ ಹನಿಯಲ್ಲಿ ರೆನಾಲ್ಡ್ಸ್ ಸಂಖ್ಯೆ (ಜಡತ್ವವನ್ನು ಸ್ನಿಗ್ಧತೆಯೊಂದಿಗೆ ತೂಗುವ ಅಂಕಿ) ಇನ್ನೂರರ ಆಸುಪಾಸಿಗೆ ಹೋಗುತ್ತದೆ. ಅಲ್ಲಿ ಜಡತ್ವದ ಆಟ ಶುರುವಾಗಿ ಸ್ನಿಗ್ಧತೆಯ ಲೆಕ್ಕ ಮಸುಕಾಗುತ್ತದೆ. ಗ್ಲಿಸರಾಲ್ ಮತ್ತು ನೀರಿನ ಮಿಶ್ರಣ ಬಳಸಿ. ತೂಕದಲ್ಲಿ ಶೇ. 60 ಗ್ಲಿಸರಾಲ್ ಇದ್ದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ ಸುಮಾರು 11 ಮಿಲಿಪ್ಯಾಸ್ಕಲ್-ಸೆಕೆಂಡ್, ಶೇ. 80 ಇದ್ದರೆ ಸುಮಾರು 60. ಈ ಎರಡನ್ನೂ ಮಾಡಿಟ್ಟುಕೊಂಡರೆ ಪಾಲಿಮರ್ ದ್ರಾವಣದ ಪರಿಣಾಮಕಾರಿ ಸ್ನಿಗ್ಧತೆ ಬಹುಪಾಲು ಇವುಗಳ ನಡುವೆಯೋ ಹತ್ತಿರವೋ ಬೀಳುತ್ತದೆ. ಕೋಣೆಯ ಉಷ್ಣತೆ ಬರೆದುಕೊಳ್ಳಲೇಬೇಕು, 20ರಿಂದ 25 ಡಿಗ್ರಿಗೆ ಏರಿದರೆ ಶೇ. 80ರ ಮಿಶ್ರಣದ ಸ್ನಿಗ್ಧತೆ ಕಾಲು ಭಾಗದಷ್ಟು ಕುಸಿಯುತ್ತದೆ. ಗ್ಲಿಸರಾಲ್ ಗಾಳಿಯ ತೇವವನ್ನು ಹೀರುವುದರಿಂದ ಬಾಟಲಿಯ ಮುಚ್ಚಳ ತೆರೆದಿಡಬೇಡಿ.

ಝಾಂಥನ್: 100 ಗ್ರಾಂ ದ್ರಾವಣಕ್ಕೆ 0.1ರಿಂದ 0.4 ಗ್ರಾಂ ಸಾಕು. ಪುಡಿಯನ್ನು ಒಮ್ಮೆಲೇ ಸುರಿದರೆ ಹೊರಗೆ ಅಂಟು, ಒಳಗೆ ಒಣ ಪುಡಿ ಇರುವ ಗಂಟುಗಳಾಗುತ್ತವೆ, ಅವು ಎಷ್ಟು ಕಲಕಿದರೂ ಬಿಡಿಸಿಕೊಳ್ಳುವುದಿಲ್ಲ. ನೀರು ಸುಳಿ ತಿರುಗುತ್ತಿರುವಾಗ ಅದರ ಇಳಿಜಾರಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ನಂತರ ವೇಗ ತಗ್ಗಿಸಿ, ಪಾತ್ರೆ ಮುಚ್ಚಿ, ರಾತ್ರಿಯಿಡೀ ಮೆಲ್ಲಗೆ ಕಲಕಲು ಬಿಡಿ. ಮಾರನೆಯ ದಿನ ಕಣ್ಣಿಗೆ ಕಾಣುವ ಗುಳ್ಳೆಗಳಿದ್ದರೆ ಸೆಂಟ್ರಿಫ್ಯೂಜ್‌ನಲ್ಲಿ ಕೆಲವು ನಿಮಿಷ ತಿರುಗಿಸಿ ತೆಗೆಯಿರಿ. ಹನಿಯೊಳಗೆ ಒಂದೇ ಗುಳ್ಳೆ ಇದ್ದರೂ ಗಾತ್ರ, ತೂಕ, ಆಕಾರ ಮೂರೂ ಕೆಡುತ್ತವೆ. ದ್ರಾವಣವನ್ನು ತಂಪಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ. ಬ್ಯಾಕ್ಟೀರಿಯಾ ಹತ್ತಿದರೆ ಸ್ನಿಗ್ಧತೆ ಸದ್ದಿಲ್ಲದೆ ಇಳಿಯುತ್ತದೆ.

ಪಾಲಿಅಕ್ರಿಲಮೈಡ್: ಉದ್ದನೆಯ, ಬಳುಕುವ ಸರಪಳಿಗಳ ಪಾಲಿಮರ್. ಇದರಲ್ಲಿ ಸ್ಥಿತಿಸ್ಥಾಪಕತೆ ಎದ್ದು ಕಾಣುತ್ತದೆ. ಇದನ್ನು ಮಿಕ್ಸರ್‌ನಲ್ಲಿ ಹಾಕುವುದಾಗಲಿ ಜೋರಾಗಿ ಕಲಕುವುದಾಗಲಿ ಖಂಡಿತ ಕೂಡದು. ಬಲವಾದ ಹರಿವಿನಲ್ಲಿ ಸರಪಳಿಗಳು ತುಂಡಾಗುತ್ತವೆ, ಬಳಿಕ ಅದು ಬೇರೆಯೇ ದ್ರವ. ಉದುರಿಸಿದ ಮೇಲೆ ಬಾಟಲಿಯನ್ನು ರೋಲರ್ ಮೇಲಿಟ್ಟು ಎರಡು ಮೂರು ದಿನ ನಿಧಾನವಾಗಿ ಉರುಳಿಸಿ. ಅಯಾನುಯುಕ್ತ ಬಗೆಯದಾದರೆ ಅಯಾನುರಹಿತ ನೀರೇ ಬೇಕು, ಚೂರು ಉಪ್ಪು ಸೇರಿದರೂ ಸರಪಳಿಗಳು ಮುದುಡಿ ಸ್ನಿಗ್ಧತೆ ಬಿದ್ದುಹೋಗುತ್ತದೆ.

ಸ್ಥಿತಿಸ್ಥಾಪಕತೆಯ ಪರಿಣಾಮವನ್ನು ಷಿಯರ್ ತೆಳುವಾಗುವಿಕೆಯಿಂದ ಬಿಡಿಸಿ ನೋಡಬೇಕೆಂದರೆ ಬೋಗರ್ ದ್ರವ ಬಳಸಿ. ಡೇವಿಡ್ ಬೋಗರ್ 1977ರಲ್ಲಿ ವಿವರಿಸಿದ ಈ ಬಗೆಯ ದ್ರವದಲ್ಲಿ ಸ್ನಿಗ್ಧತೆ ಬಹುತೇಕ ಸ್ಥಿರವಾಗಿರುತ್ತದೆ, ಸ್ಥಿತಿಸ್ಥಾಪಕತೆ ಮಾತ್ರ ಜೋರು. ಗಟ್ಟಿ ಗ್ಲಿಸರಾಲ್ ಮಿಶ್ರಣಕ್ಕೆ ಕೆಲವು ನೂರು ಪಿಪಿಎಂ ಪಾಲಿಅಕ್ರಿಲಮೈಡ್ ಸೇರಿಸಿದರೆ ಅದಕ್ಕೆ ಹತ್ತಿರದ ದ್ರವ ಸಿಗುತ್ತದೆ.

ಹೀಗೆ ಸಿದ್ಧವಾದ ಪ್ರತಿಯೊಂದನ್ನೂ, ಶಂಕು-ತಟ್ಟೆಗಳ ನಡುವೆ ದ್ರವ ತಿರುಗಿಸಿ ಸ್ನಿಗ್ಧತೆ ಅಳೆಯುವ ಕೋನ್-ಪ್ಲೇಟ್ ರಿಯೋಮೀಟರ್‌ನಲ್ಲಿ ಸೆಕೆಂಡಿಗೆ 0.1ರಿಂದ 1,000 ಷಿಯರ್ ದರದವರೆಗೆ, ಪ್ರಯೋಗ ನಡೆಯುವ ಉಷ್ಣತೆಯಲ್ಲೇ ಅಳೆಯಿರಿ. ಷಿಯರ್ ದರದೊಂದಿಗೆ ಸ್ನಿಗ್ಧತೆ ಬದಲಾಗುವುದನ್ನು ತೋರುವ ಸರಿಯಾದ ವಕ್ರರೇಖೆ ಕೈಯಲ್ಲಿಲ್ಲದೆ ತಟ್ಟೆಯ ಹತ್ತಿರ ಹೋಗುವುದರಲ್ಲಿ ಹುರುಳಿಲ್ಲ. ಮೇಲ್ಮೈ ಎಳೆತವನ್ನೂ ತೂಗುಹನಿ ವಿಧಾನದಿಂದ (ಸೂಜಿಯಿಂದ ತೂಗುವ ಹನಿಯ ಆಕಾರ ನೋಡಿ) ಅಳೆಯಬೇಕು. ನೀರಿನದು 72 ಮಿಲಿನ್ಯೂಟನ್ ಪ್ರತಿ ಮೀಟರ್ ಎಂದು ದ್ರಾವಣಕ್ಕೂ ಅದನ್ನೇ ಹಾಕುವಂತಿಲ್ಲ. ಉದಾಹರಣೆಗೆ ಪಾಲಿಎಥಿಲೀನ್ ಆಕ್ಸೈಡ್ ಬೆರೆತರೆ ಅದು 62ರ ಸುತ್ತಮುತ್ತ ಇಳಿಯುತ್ತದೆ.

ರಿಲ್ಯಾಕ್ಸೇಷನ್ ಕಾಲ, ಅಂದರೆ ಹಿಗ್ಗಿದ ಸರಪಳಿ ಮತ್ತೆ ಮುದುಡಲು ಹಿಡಿಯುವ ಸಮಯ, ನಿಮ್ಮ ಕ್ಯಾಮೆರಾದಿಂದಲೇ ಸಿಗುತ್ತದೆ. ಒಂದು ಹನಿಯನ್ನು ಎರಡು ಚಪ್ಪಟೆ ತುದಿಗಳ ನಡುವೆ ಹಿಡಿದು ಚಕ್ಕನೆ ಎಳೆಯಿರಿ. ನಡುವೆ ಉಳಿಯುವ ಎಳೆಯ ವ್ಯಾಸ ಘಾತೀಯವಾಗಿ ಸಣ್ಣದಾಗುತ್ತಾ ಹೋಗುತ್ತದೆ. ವ್ಯಾಸದ ಲಾಗರಿದಮ್ ಅನ್ನು ಕಾಲದೆದುರು ಬಿಡಿಸಿದಾಗ ಬರುವ ಇಳಿಜಾರು, ಒಂದನ್ನು ಆ ಕಾಲದ ಮೂರು ಪಟ್ಟಿನಿಂದ ಭಾಗಿಸಿದಷ್ಟಿರುತ್ತದೆ.

ತಟ್ಟೆ

ಬೇಕಾದದ್ದು ನಯವಾದ, ಹನಿಯನ್ನು ಹೆಚ್ಚು ಅಂಟಿಸಿಕೊಳ್ಳದ, ಕನಿಷ್ಠ 10 ಸೆಂಟಿಮೀಟರ್ ಉದ್ದದ ಮೇಲ್ಮೈ. ಫ್ಲೋರೋಸೈಲೇನ್ ಲೇಪಿಸಿದ ಗಾಜು ಉತ್ತಮ. ಟೆಫ್ಲಾನ್ ಹಾಳೆಯೂ ನಡೆಯುತ್ತದೆ, ಆದರೆ ಅದರ ಮೇಲಿನ ಸೂಕ್ಷ್ಮ ಗೀರುಗಳು ಹನಿಯನ್ನು ಅಲ್ಲಲ್ಲಿ ಹಿಡಿದು ನಿಲ್ಲಿಸುತ್ತವೆ. ಅಕ್ರಿಲಿಕ್ ಬಳಸಿದರೆ ಅಸಿಟೋನ್‌ನಿಂದ ಒರೆಸಬೇಡಿ, ಬಿರುಕು ಬಿಡುತ್ತದೆ. ಸೋಪಿನ ನೀರು, ಶುದ್ಧ ನೀರು, ಐಸೊಪ್ರೊಪನಾಲ್, ಕೊನೆಗೆ ಒಣ ನೈಟ್ರೊಜನ್, ಈ ಕ್ರಮ ಸಾಕು.

ಸ್ಪರ್ಶ ಕೋನ ಎಂದರೆ ಹನಿಯ ಅಂಚು ತಟ್ಟೆಯೊಂದಿಗೆ ಮಾಡುವ ಕೋನ. ಮುಂಚೂಣಿ ಮತ್ತು ಹಿಂಚೂಣಿ ಸ್ಪರ್ಶ ಕೋನಗಳನ್ನು ಅಳೆಯುವಾಗ ನೀರಿನ ಬದಲು ನೀವು ಜಾರಿಸಲಿರುವ ದ್ರವವನ್ನೇ ಬಳಸಿ. ಸೂಜಿಯಿಂದ ನಿಧಾನವಾಗಿ ದ್ರವ ತುಂಬುತ್ತಾ ಹೋದಾಗ ಅಂಚು ಮುಂದೆ ಸರಿಯುವ ಕ್ಷಣದ ಕೋನ ಮುಂಚೂಣಿಯದು, ಹಿಂದಕ್ಕೆ ಹೀರುವಾಗ ಅಂಚು ಸರಿಯುವ ಕೋನ ಹಿಂಚೂಣಿಯದು. ಪಾಲಿಮರ್ ಮೇಲ್ಮೈಗೆ ಅಂಟಿಕೊಳ್ಳುವುದರಿಂದ ಎರಡನೆಯದು ನೀರಿನದಕ್ಕಿಂತ ಕಡಿಮೆ ಬರುವುದು ಸಾಮಾನ್ಯ. ಅದು ನಿಮ್ಮ ಅಳತೆಯ ದೋಷವಲ್ಲ.

ಜಾರುವ ಕೋನದ ಅಂದಾಜು

1962ರಲ್ಲಿ ಫರ್ಮಿಜ್ ಎಂಬ ಸಂಶೋಧಕ ಸಿಂಪಡಣೆಯ ದ್ರವಗಳ ಸಂದರ್ಭದಲ್ಲಿ ಕೊಟ್ಟ ಸಂಬಂಧ ಇಂದಿಗೂ ಮೊದಲ ಹೆಜ್ಜೆ. ಹನಿಯ ತೂಕವನ್ನು ಓರೆ ಕೋನದ ಸೈನ್‌ನಿಂದ ಗುಣಿಸಿದರೆ ಬರುವ ಎಳೆತವು, ಹನಿಯ ಅಗಲ × ಮೇಲ್ಮೈ ಎಳೆತ × (ಹಿಂಚೂಣಿ ಕೋನದ ಕೊಸೈನ್ − ಮುಂಚೂಣಿ ಕೋನದ ಕೊಸೈನ್) ಎಂಬುದನ್ನು ಮೀರಿದಾಗ ಹನಿ ಹೊರಡುತ್ತದೆ.

30 ಮೈಕ್ರೊಲೀಟರ್ ಹನಿ, ಅಗಲ 5 ಮಿಲಿಮೀಟರ್, ಮೇಲ್ಮೈ ಎಳೆತ 70 ಮಿಲಿನ್ಯೂಟನ್ ಪ್ರತಿ ಮೀಟರ್, ಕೋನಗಳು 110 ಮತ್ತು 95 ಡಿಗ್ರಿ. ಹಿಡಿತ ಸುಮಾರು 89 ಮೈಕ್ರೊನ್ಯೂಟನ್. ಹನಿಯ ತೂಕ ಸುಮಾರು 294 ಮೈಕ್ರೊನ್ಯೂಟನ್. ಭಾಗಿಸಿದರೆ ಸೈನ್ 0.30, ಕೋನ 17ರಿಂದ 18 ಡಿಗ್ರಿ. ನಿಮ್ಮ ತಟ್ಟೆಯಲ್ಲಿ ಹನಿ 40 ಡಿಗ್ರಿವರೆಗೂ ಕದಲದಿದ್ದರೆ ಲೇಪನ ಕೆಟ್ಟಿದೆ, ಕೊಳೆ ಕೂತಿದೆ, ಇಲ್ಲವೇ ದ್ರವಕ್ಕೆ ಯೀಲ್ಡ್ ಪ್ರತಿಬಲವಿದೆ, ಅಂದರೆ ಒಂದು ಮಿತಿಯ ಬಲ ಬೀಳುವವರೆಗೆ ಅದು ಹರಿಯುವುದಿಲ್ಲ.

ಹನಿ ಇಡುವುದು

ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಮಾಮೂಲಿ ಪಿಪೆಟ್ ಗಟ್ಟಿ ದ್ರವವನ್ನು ಪೂರ್ತಿ ಹೀರುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಿಪೆಟ್ (ಪಿಸ್ಟನ್ ದ್ರವವನ್ನೇ ನೇರವಾಗಿ ತಳ್ಳುವಂಥದ್ದು) ಅಥವಾ ಸಿರಿಂಜ್ ಪಂಪ್ ಬಳಸಿ. ಸೂಜಿ ಅಗಲವಾಗಿರಲಿ, 18 ಗೇಜ್ ಚೆನ್ನಾಗಿ ಹೊಂದುತ್ತದೆ. ಸಣ್ಣ ಸೂಜಿಯಲ್ಲಿ ರಭಸವಾಗಿ ನುಗ್ಗಿಸಿದರೆ ಪಾಲಿಅಕ್ರಿಲಮೈಡ್ ಸರಪಳಿಗಳು ಅಲ್ಲೇ ಮುರಿಯುತ್ತವೆ.

ಸ್ಥಿತಿಸ್ಥಾಪಕ ದ್ರವದ ಹನಿ ಸೂಜಿಯಿಂದ ಕಳಚಿಕೊಳ್ಳುವುದನ್ನು ಹತ್ತಿರದಿಂದ ಗಮನಿಸಿ. ನೀರಿನಂತೆ ಕಡಿದು ಬೀಳದೆ ಕೂದಲೆಳೆಯಷ್ಟು ತೆಳುವಾದ ದಾರ ಉಳಿಯುತ್ತದೆ. ಆ ದಾರದ ಉದ್ದಕ್ಕೂ ಪುಟ್ಟ ಮಣಿಗಳು ಕಟ್ಟುತ್ತವೆ, ಸೂಜಿ ಎತ್ತುವ ಅವಸರದಲ್ಲಿ ದಾರ ಹನಿಯ ಪಕ್ಕಕ್ಕೆ ಬಿದ್ದರೆ ಹನಿಯ ಹಾದಿಯಲ್ಲಿ ತೇವದ ಗೆರೆಯೊಂದು ಮೂಡುತ್ತದೆ. ಸೂಜಿಯನ್ನು ನೆಟ್ಟಗೆ ನಿಧಾನವಾಗಿ ಎತ್ತಿ, ದಾರ ತಾನಾಗಿ ಕಡಿಯುವವರೆಗೆ ಕಾಯಿರಿ. ಗಾತ್ರವನ್ನು ಪಂಪಿನ ಅಂಕಿಯಿಂದ ತೆಗೆದುಕೊಳ್ಳಬೇಡಿ. ಹತ್ತು ಹನಿಗಳನ್ನು 0.1 ಮಿಲಿಗ್ರಾಂ ಸೂಕ್ಷ್ಮತೆಯ ತಕ್ಕಡಿಯಲ್ಲಿ ತೂಗಿ, ಅವುಗಳ ನಡುವಿನ ಏರಿಳಿತ ಶೇ. 3ನ್ನು ಮೀರಿದರೆ ಇಡುವ ಕ್ರಮವನ್ನೇ ತಿದ್ದಿ.

ಓರೆ, ಕ್ಯಾಮೆರಾ, ಓಟ

ಎರಡು ದಾರಿಗಳಿವೆ. ಸಮತಟ್ಟಿನಲ್ಲಿ ಹನಿ ಇಟ್ಟು ತಟ್ಟೆಯನ್ನು ಸೆಕೆಂಡಿಗೆ ಅರ್ಧ ಡಿಗ್ರಿಯಂತೆ ಎತ್ತುವುದು ಒಂದು, ಮೊದಲೇ ಓರೆ ಮಾಡಿದ ತಟ್ಟೆಗೆ ಹನಿ ಬಿಡುವುದು ಇನ್ನೊಂದು. ಹೊರಡುವ ಕೋನ ಕಂಡುಹಿಡಿಯಲು ಮೊದಲನೆಯದು, ಸ್ಥಿರ ವೇಗ ಅಳೆಯಲು ಎರಡನೆಯದು. ಎರಡರ ಫಲಿತಾಂಶಗಳನ್ನು ಒಂದೇ ನಕ್ಷೆಯಲ್ಲಿ ಬೆರೆಸಬೇಡಿ, ಪಾಲಿಮರ್ ದ್ರವಕ್ಕೆ ಹಿಂದೆ ತನಗಾದ ಎಳೆದಾಟದ ನೆನಪಿರುತ್ತದೆ. ಓರೆಯನ್ನು 0.1 ಡಿಗ್ರಿವರೆಗೆ ತೋರಿಸುವ ಡಿಜಿಟಲ್ ಇನ್‌ಕ್ಲಿನೋಮೀಟರ್‌ನಿಂದ ಓದಿ. ಅಡ್ಡಕ್ಕೂ ಮಟ್ಟ ನೋಡಿ, ಇಲ್ಲವಾದರೆ ಹನಿ ಪಕ್ಕಕ್ಕೆ ಸೋರುತ್ತದೆ.

ಹಿಂಬದಿಯಿಂದ ಎಲ್‌ಇಡಿ ಬೆಳಕು, ಅದರ ಮುಂದೆ ಹಾಲುಬಣ್ಣದ ಹಾಳೆ, ಎದುರಿಗೆ ಕ್ಯಾಮೆರಾ. ಮೇಲಿನ ನೋಟವೂ ಬೇಕು, 45 ಡಿಗ್ರಿಯಲ್ಲಿ ಒಂದು ಕನ್ನಡಿ ಇಟ್ಟರೆ ಎರಡೂ ನೋಟ ಒಂದೇ ಚಿತ್ರದಲ್ಲಿ ಬರುತ್ತವೆ. ವೇಗದ ಹನಿಗಳಿಗೆ ಸೆಕೆಂಡಿಗೆ 100ರಿಂದ 200 ಚೌಕಟ್ಟು, ತೆವಳುವ ಹನಿಗಳಿಗೆ 5 ಸಾಕು. ಒಂದು ಚೌಕಟ್ಟಿನ ಬೆಳಕಿನ ಅವಧಿಯಲ್ಲಿ ಹನಿ ಅರ್ಧ ಪಿಕ್ಸೆಲ್‌ಗಿಂತ ಹೆಚ್ಚು ಸರಿಯದಂತೆ ಷಟರ್ ಇಡಿ.

ಹನಿಯ ಮುಂತುದಿ, ಹಿಂತುದಿಗಳನ್ನು ಬೇರೆ ಬೇರೆಯಾಗಿ ಹಿಂಬಾಲಿಸಿ. ಎರಡೂ ಗೆರೆಗಳು ನೇರವಾಗಿ, ಸಮಾನಾಂತರವಾಗಿ ಸಾಗುವ ಭಾಗದಲ್ಲಷ್ಟೇ ವೇಗ ತೆಗೆಯಿರಿ. ಹಿಂತುದಿ ಹಿಂದುಳಿಯುತ್ತಿದ್ದರೆ ಹನಿ ಇನ್ನೂ ಉದ್ದವಾಗುತ್ತಿದೆ ಎಂದರ್ಥ. ಬಳುಕುವ ಪಾಲಿಅಕ್ರಿಲಮೈಡ್ ಹನಿಗಳು ಸ್ಥಿರವಾಗಿ ಜಾರುವಾಗಲೂ ಗಮನಾರ್ಹವಾಗಿ ನೀಳವಾಗಿರುತ್ತವೆ. ಸೆಟೆದ ಸರಪಳಿಗಳ ಝಾಂಥನ್ ಹನಿಗಳು ಹೀಗೆ ಚಾಚಿಕೊಳ್ಳುವುದಿಲ್ಲ. ಹಾಗಾಗಿ ಉದ್ದ ಮತ್ತು ಅಗಲದ ಅನುಪಾತವನ್ನು ವೇಗದ ಜೊತೆಗೇ ದಾಖಲಿಸಿ.

ಪ್ರತಿ ಹನಿಗೂ ಹೊಸ ಪಥ ಕೊಡಿ. ಮೊದಲ ಹನಿ ಬಿಟ್ಟುಹೋದ ಪಾಲಿಮರ್ ಪದರದ ಮೇಲೆ ಎರಡನೆಯ ಹನಿ ಬೇರೆಯೇ ವೇಗದಲ್ಲಿ ಹೋಗುತ್ತದೆ. ಬರೀ ನೀರು ಬಳಸಿದಾಗಲೂ ಒಂದರ ಹಿಂದೆ ಒಂದು ಹನಿಯ ವೇಗ ಬದಲಾಗುತ್ತಾ ಹೋದರೆ ವಿದ್ಯುದಾವೇಶವನ್ನು ಶಂಕಿಸಿ. ವಿದ್ಯುತ್ ಹರಿಯದ, ನೀರು ನಿಲ್ಲದ ಮೇಲ್ಮೈ ಮೇಲೆ ಜಾರುವ ಹನಿ ತನ್ನ ಹಿಂದೆ ಆವೇಶ ಬಿಟ್ಟುಹೋಗುತ್ತದೆ, ಅದು ಮುಂದಿನ ಹನಿಯ ವೇಗವನ್ನು ಬದಲಿಸುತ್ತದೆ. ಪ್ರತಿ ಓಟದ ನಡುವೆ ಅಯಾನೀಕೃತ ಗಾಳಿ ಬೀಸುವ ಯಂತ್ರದಿಂದ ಅದನ್ನು ಶಮನ ಮಾಡಬೇಕು.

ಅಂಕಿಗಳಿಂದ ಅರ್ಥಕ್ಕೆ

ಹಿಡಿತವನ್ನು ಕಳೆದ ಮೇಲೆ ಉಳಿಯುವ ಎಳೆತವೇ ವೇಗವನ್ನು ನಿರ್ಧರಿಸುವುದು. ಮೇಲಿನ ಹನಿಗೆ 30 ಡಿಗ್ರಿಯಲ್ಲಿ ಉಳಿಕೆ 58 ಮೈಕ್ರೊನ್ಯೂಟನ್, 45 ಡಿಗ್ರಿಯಲ್ಲಿ 119, ಅಂದರೆ ಎರಡು ಪಟ್ಟು. ಗ್ಲಿಸರಾಲ್ ಹನಿಯ ವೇಗವೂ ಸುಮಾರು ಎರಡು ಪಟ್ಟಾಗಬೇಕು. ಸೂಚ್ಯಂಕ 0.5 ಇರುವ ದ್ರವದಲ್ಲಿ ವೇಗ ಉಳಿಕೆಯ ವರ್ಗದಂತೆ ಏರುವುದರಿಂದ ನಾಲ್ಕು ಪಟ್ಟಾಗಬೇಕು. ಈ ಒಂದು ಹೋಲಿಕೆ ನಿಮ್ಮ ಇಡೀ ಜೋಡಣೆ ಸರಿಯಿದೆಯೇ ಎಂದು ತಿಳಿಸುತ್ತದೆ.

ಹಲವು ದ್ರವಗಳನ್ನು ಒಂದೇ ನಕ್ಷೆಗೆ ತರಲು ಎರಡು ಸಂಖ್ಯೆಗಳಿವೆ. ಬಾಂಡ್ ಸಂಖ್ಯೆ ಗುರುತ್ವವನ್ನು ಮೇಲ್ಮೈ ಎಳೆತದೊಂದಿಗೆ ತೂಗುತ್ತದೆ. ಕ್ಯಾಪಿಲರಿ ಸಂಖ್ಯೆ ಎಂದರೆ ಸ್ನಿಗ್ಧತೆ × ವೇಗ ÷ ಮೇಲ್ಮೈ ಎಳೆತ. ಎರಡನೆಯದಕ್ಕೆ ಹಾಕುವ ಸ್ನಿಗ್ಧತೆ, ‘ವೇಗ ÷ ಹನಿಯ ಎತ್ತರ’ ಎಂಬ ಷಿಯರ್ ದರದಲ್ಲಿ ರಿಯೋಮೀಟರ್ ವಕ್ರರೇಖೆಯಿಂದ ಓದಿದ್ದಾಗಿರಲಿ. ನಿಂತ ದ್ರವದ ಸ್ನಿಗ್ಧತೆ ಹಾಕಿದರೆ ಸಂಖ್ಯೆ ಹತ್ತಾರು ಪಟ್ಟು ಉಬ್ಬುತ್ತದೆ. ಯಾವ ದರದಲ್ಲಿ ಓದಿದಿರಿ ಎಂಬುದನ್ನು ನಕ್ಷೆಯ ಕೆಳಗೇ ಬರೆಯಿರಿ. ಹೀಗೆ ಕ್ಯಾಪಿಲರಿ ಸಂಖ್ಯೆಯನ್ನು ಬಾಂಡ್ ಸಂಖ್ಯೆಯೆದುರು ಬಿಡಿಸಿದಾಗ ಝಾಂಥನ್ ಹನಿಗಳ ಬಿಂದುಗಳು ಸಣ್ಣ ಓರೆಗಳಲ್ಲಿ ನ್ಯೂಟನ್ ದ್ರವಗಳಂತೆಯೇ ಸರಳರೇಖೆಯಲ್ಲಿ ಸಾಗುತ್ತವೆ, ಓರೆ ಹೆಚ್ಚಿದಾಗ ರೇಖೆ ಚಪ್ಪಟೆಯಾಗುತ್ತದೆ. ಆ ಬಾಗುವಿಕೆಗೆ ಹನಿಯೊಳಗೆ ಹುಟ್ಟುವ ಲಂಬ ಪ್ರತಿಬಲಗಳೇ, ಅಂದರೆ ದ್ರವದ ಪದರಗಳನ್ನು ನೆಟ್ಟಗೆ ಒತ್ತುವ ಇಲ್ಲವೇ ಎಳೆಯುವ ಬಲಗಳೇ ಕಾರಣ ಎನ್ನುವುದು ಹೆಚ್ಚು ಒಪ್ಪುವ ವಿವರಣೆ, ಆದ್ದರಿಂದ ಆ ಬಿಂದುಗಳನ್ನು ತಪ್ಪೆಂದು ತೆಗೆದುಹಾಕಬೇಡಿ. ಪಾಲಿಅಕ್ರಿಲಮೈಡ್‌ಗೆ ಇನ್ನೊಂದು ಸಂಖ್ಯೆ ಸೇರಿಸಿ: ರಿಲ್ಯಾಕ್ಸೇಷನ್ ಕಾಲ × ಷಿಯರ್ ದರ, ಇದೇ ವೈಸನ್‌ಬರ್ಗ್ ಸಂಖ್ಯೆ. ಇದು ಒಂದಕ್ಕಿಂತ ತೀರ ಕಡಿಮೆ ಇದ್ದರೆ ಸ್ಥಿತಿಸ್ಥಾಪಕತೆಯನ್ನು ಕಾರಣವಾಗಿ ಎಳೆದುತರಬೇಡಿ.

ಯೀಲ್ಡ್ ಪ್ರತಿಬಲವಿದ್ದರೆ

ತಟಸ್ಥಗೊಳಿಸಿದ ಕಾರ್ಬೊಪಾಲ್ (ಅಕ್ರಿಲಿಕ್ ಆಮ್ಲದ ಪಾಲಿಮರ್) ಜೆಲ್ ಒಂದು ಮಿತಿಯ ಪ್ರತಿಬಲದವರೆಗೆ ಹರಿಯುವುದೇ ಇಲ್ಲ. ಶೇ. 0.1ರಿಂದ 0.2ರಷ್ಟು ಪುಡಿಯನ್ನು ನೀರಿನಲ್ಲಿ ಹರಡಿ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಸೇರಿಸಿ ಪಿಎಚ್ 7ಕ್ಕೆ ತನ್ನಿ. ತಟಸ್ಥಗೊಳಿಸುವ ಮೊದಲು ದ್ರವ ತೆಳುವಾಗಿರುವಾಗಲೇ ಗುಳ್ಳೆಗಳೆಲ್ಲ ಮೇಲೇರಲು ಬಿಡಿ. ಜೆಲ್ ಆದಮೇಲೆ ಅವು ಅಲ್ಲೇ ಸಿಕ್ಕಿಬೀಳುತ್ತವೆ.

2.5 ಮಿಲಿಮೀಟರ್ ಎತ್ತರದ ಹನಿಯ ತಳದಲ್ಲಿ 30 ಡಿಗ್ರಿ ಓರೆಗೆ ಬರುವ ಪ್ರತಿಬಲ ಸುಮಾರು 12 ಪ್ಯಾಸ್ಕಲ್. ಜೆಲ್‌ನ ಮಿತಿ 20 ಪ್ಯಾಸ್ಕಲ್ ಇದ್ದರೆ ಹನಿ ಹರಿಯಬಾರದು. ಆದರೂ ನಯವಾದ ತಟ್ಟೆಯಲ್ಲಿ ಅದು ಕೆಲವೊಮ್ಮೆ ಆಕಾರ ಬದಲಿಸದೆ ಮುದ್ದೆಯಾಗಿ ಜಾರುತ್ತದೆ. ಇದು ಹರಿವಲ್ಲ, ತಳದಲ್ಲಿ ತೆಳು ನೀರಿನ ಪದರದ ಮೇಲೆ ನಡೆಯುವ ಗೋಡೆ ಜಾರುವಿಕೆ. ಅದೇ ಬಗೆಯ, ಆದರೆ ಒರಟಾದ ಮೇಲ್ಮೈಯಲ್ಲಿ ಹನಿ ನಿಂತರೆ ಖಚಿತವಾಯಿತು. ಇಂಥ ಹನಿಗಳ ಸ್ಪರ್ಶ ಕೋನವನ್ನೂ ನಂಬುವಂತಿಲ್ಲ, ಇಟ್ಟ ಕ್ಷಣದ ಆಕಾರವೇ ಹೆಪ್ಪುಗಟ್ಟಿ ಉಳಿದಿರುತ್ತದೆ.

ಜಾರುತ್ತಿದೆಯೋ, ಉರುಳುತ್ತಿದೆಯೋ

ನೀರನ್ನು ತೀವ್ರವಾಗಿ ದೂಡುವ ಮೇಲ್ಮೈಗಳಲ್ಲಿ ಹನಿಯ ತಳ ಬಹಳ ಕಿರಿದು, ಸ್ನಿಗ್ಧ ಹನಿ ಅಲ್ಲಿ ಉರುಳುತ್ತದೆ. ಅಂಥ ತಟ್ಟೆಯಲ್ಲಿ ಚಿಕ್ಕ ಹನಿ ದೊಡ್ಡ ಹನಿಗಿಂತ ವೇಗವಾಗಿ ಇಳಿಯುತ್ತದೆ. ಇದನ್ನು ಮಹದೇವನ್ ಮತ್ತು ಪೊಮೊ ಸಿದ್ಧಾಂತದಿಂದಲೂ ರಿಷಾರ್ ಮತ್ತು ಕೇರೆ ಪ್ರಯೋಗದಿಂದಲೂ 1999ರಲ್ಲಿ ತೋರಿಸಿದರು. ನಿಮ್ಮ ಅಳತೆಯಲ್ಲಿ ಗಾತ್ರ ಮತ್ತು ವೇಗದ ಸಂಬಂಧ ತಲೆಕೆಳಗಾಗಿ ಕಂಡರೆ ಹನಿಯೊಳಗೆ ಒಂದೆರಡು ಸೂಕ್ಷ್ಮ ಬಣ್ಣದ ಕಣಗಳನ್ನು ಸೇರಿಸಿ ಪಕ್ಕದಿಂದ ಚಿತ್ರಿಸಿ. ಕಣ ಮೇಲಿಂದ ಮುಂದಕ್ಕೆ ಬಂದು, ತಳ ಸೇರಿ, ಹಿಂದಿನಿಂದ ಮತ್ತೆ ಮೇಲೇರಿದರೆ ಒಳಗೆ ಸುತ್ತುಹರಿವಿದೆ. ತಳದ ಬಳಿ ಬಂದ ಕಣ ತಟ್ಟೆಗೆ ಹೋಲಿಸಿದರೆ ನಿಂತಂತೆ ಕಾಣುತ್ತಿದ್ದು, ಹನಿಯ ನೆತ್ತಿಯ ಕಣ ಹನಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಸಾಗಿದರೆ ಅದು ಉರುಳುವ ಹನಿ. ಮೇಲೆ ಹೇಳಿದ ಬೆಣೆಯ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ, ಅಂಥ ಓಟಗಳನ್ನು ಬೇರೆ ಕಡತದಲ್ಲಿಡಿ.